ನೂರ ಅರವತ್ತನೆಯ ಹೆಜ್ಜೆ

ನದಿಯ ದಂಡೆಯಲ್ಲಿ ವಿಮಾನ ಓಡಿಸಲು ಒಂದು ಹುಲ್ಲಿನ ಹಾದಿ. ಒಂದು ತುದಿಯಲ್ಲಿ ತಗಡಿನ ಶೆಡ್ಡು, ಇನ್ನೊಂದು ತುದಿಯಲ್ಲಿ ನೀರು. ಅಲ್ಲಿ ಪೂವಯ್ಯ ಎಂಬ ಮೇಷ್ಟ್ರು ಪುಟ್ಟ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು.

ಆ ಬೆಳಿಗ್ಗೆ ಶಿಷ್ಯೆ ವಾಗ್ದೇವಿ ಮೊದಲ ಸಲ ಒಬ್ಬಳೇ ಹಾರಬೇಕಿತ್ತು. ಜೊತೆಯವರೆಲ್ಲ ಹಾರಿ ಮುಗಿಸಿದ್ದರು. ಅವಳಿಗೆ ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚು.

"ಎಲ್ಲಾ ಲೆಕ್ಕ ಹಾಕಿದ್ದೀನಿ ಸಾರ್. ಗಾಳಿ, ಭಾರ, ಪೆಟ್ರೋಲು."

"ಹಾರೋದನ್ನ ಎಲ್ಲಿ ಕೈಬಿಡ್ತೀಯ?"

"ಕೈಬಿಡೋದು ಯಾಕೆ ಸಾರ್? ಹಾರೋಕೆ ತಾನೇ ಬಂದಿರೋದು?"

ಮೇಷ್ಟ್ರು ವಿಮಾನದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ಕೆಂಪು ಬಟ್ಟೆ ಕಟ್ಟಿದ ಕೋಲೊಂದನ್ನು ಅವಳ ಕೈಗೆ ಕೊಟ್ಟರು.

"ಹಾದಿ ಉದ್ದಕ್ಕೂ ನಡ್ಕೊಂಡು ಹೋಗು. ಎಲ್ಲಿಗೆ ಬಂದಾಗ ವೇಗ ಸಾಲದಿದ್ರೆ ನಿಲ್ಲಿಸಿಬಿಡ್ತೀಯೋ, ಅಲ್ಲಿ ಇದನ್ನ ನೆಟ್ಟು ಬಾ. ನೆಡದೆ ಇಲ್ಲಿ ಯಾರೂ ಹಾರಲ್ಲ."

ವಾಗ್ದೇವಿ ಮುಖ ಊದಿಸಿಕೊಂಡು ಹೊರಟಳು. ನಾನೂರು ಹೆಜ್ಜೆಯ ಹಾದಿ. ಅರ್ಧಕ್ಕೆ ಬಂದಾಗ ವೇಗದ ಮುಳ್ಳು ಎಷ್ಟು ತೋರಿಸಬೇಕೆಂದು ವಿಮಾನದ ಪುಸ್ತಕದಲ್ಲೇ ಇತ್ತು. ಇನ್ನೂರಕ್ಕೆ ನೆಟ್ಟರಾಯಿತು, ಇದಕ್ಯಾಕೆ ಇಷ್ಟು ರಗಳೆ ಎಂದುಕೊಂಡಳು.

ಹುಲ್ಲು ಒದ್ದೆಯಾಗಿತ್ತು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಐವತ್ತು ಹೆಜ್ಜೆ ದಾಟುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಬ್ಬರು ನಡೆಯುವ ಸದ್ದು ಕೇಳಿತು. ಅವಳು ನಿಂತಾಗ ಸದ್ದೂ ನಿಂತಿತು. ಯಾರೂ ಇರಲಿಲ್ಲ. ತಿರುಗಿ ನೋಡಿದಳು. ಇಬ್ಬನಿಯಲ್ಲಿ ಎರಡು ಸಾಲು ಹೆಜ್ಜೆಗಳಿದ್ದವು.

ನೂರ ಅರವತ್ತಕ್ಕೆ ಪಕ್ಕದ ಸದ್ದು ನಿಂತುಹೋಯಿತು. ಅವಳು ಇನ್ನೂ ಹತ್ತು ಹೆಜ್ಜೆ ಮುಂದೆ ಹೋದಳು. ಅದು ಬರಲಿಲ್ಲ. ಹಿಂದಕ್ಕೆ ಬಂದು, ಕೋಲನ್ನು ಅಲ್ಲೇ ನೆಟ್ಟು, ಶೆಡ್ಡಿನವರೆಗೂ ಓಡಿದಳು.

"ಪುಸ್ತಕ ಇನ್ನೂರು ಅನ್ನತ್ತಲ್ಲ?" ಎಂದರು ಮೇಷ್ಟ್ರು.

"ಜೊತೆಗೆ ಬಂದೋರು ಅಲ್ಲಿಂದ ಆಚೆ ಬರಲಿಲ್ಲ ಸಾರ್. ಯಾರವರು?"

ಮೇಷ್ಟ್ರು ಬಗ್ಗಿ ಹುಲ್ಲು ಮುಟ್ಟಿ, ಒದ್ದೆ ಬೆರಳು ನೋಡಿಕೊಂಡರು.

"ಪುಸ್ತಕ ಬರೆದೋರು ಒಣನೆಲದ ಮೇಲೆ ಕೂತು ಬರೆದಿದ್ದಾರೆ. ಅವನೂ ಅದನ್ನೇ ನಂಬಿದ್ದ. ನನ್ನ ಶಿಷ್ಯ. ತುಂಬಾ ಅವಸರ ಮಾಡ್ದ ಅಂತ ನಡೆಸದೇ ಹಾರೋಕೆ ಬಿಟ್ಟೆ."

"ಈಗೆಲ್ಲಿದ್ದಾರೆ?"

ಅವರು ನದಿಯ ಕಡೆ ನೋಡಿದರು. ಆಮೇಲೆ ಕೀಲಿಯನ್ನು ಅವಳ ಕೈಗಿಟ್ಟರು.

ವಿಮಾನ ಓಡಿತು. ಹುಲ್ಲು ಚಕ್ರಗಳನ್ನು ಹಿಡಿದು ಎಳೆಯುತ್ತಿತ್ತು. ಕೆಂಪು ಬಟ್ಟೆ ಹತ್ತಿರ ಬಂತು. ವೇಗದ ಮುಳ್ಳು ಇರಬೇಕಾದಲ್ಲಿ ಇರಲಿಲ್ಲ. ಇನ್ನೊಂದು ಚೂರು ನೋಡೋಣ ಎಂದಿತು ಅವಳ ಮನಸ್ಸು. ಪಕ್ಕದ ಖಾಲಿ ಸೀಟಿನಲ್ಲಿ ಯಾರೋ ಉಸಿರು ಬಿಗಿಹಿಡಿದ ಹಾಗಾಯಿತು.

ಬಟ್ಟೆಯ ಬಳಿ ಅವಳು ಇಂಜಿನ್ ವೇಗ ಇಳಿಸಿ ಬ್ರೇಕ್ ಒತ್ತಿದಳು. ವಿಮಾನ ಜಾರಿತು, ಜಾರುತ್ತಲೇ ಹೋಯಿತು. ನೀರಿಗೆ ಇನ್ನು ಮೂವತ್ತು ಹೆಜ್ಜೆ ಇದ್ದಾಗ ನಿಂತಿತು. ಪುಸ್ತಕದ ಇನ್ನೂರರವರೆಗೆ ಕಾದಿದ್ದರೆ ನದಿಯೊಳಗಿರುತ್ತಿದ್ದಳು.

ಮೇಷ್ಟ್ರು ಏದುಸಿರು ಬಿಡುತ್ತಾ ಓಡಿಬಂದರು. ವಾಗ್ದೇವಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು.

"ಎಲ್ಲರೂ ಹಾರಿದ್ರು ಸಾರ್. ನಾನೊಬ್ಬಳೇ ಹಾರಲಿಲ್ಲ."

ಅವರು ಅವಳನ್ನು ಕೈಹಿಡಿದು ಕೆಳಗಿಳಿಸಿದರು.

"ಅವನ ಮನೆಗೆ ಸುದ್ದಿ ತಗೊಂಡು ನಾನು ಹೋಗಿದ್ದೆ ಕಣಮ್ಮ. ನಿನ್ನ ಮನೆಗೆ ನೀನೇ ಹೋಗು."