ಅವ್ವ ತಂದ ಕೊಡ

"ಗುರುಗಳೇ, ವಿಷ ಅಂತ ಗೊತ್ತಿದ್ದೂ ಕುಡಿಯುವವರು ಕತ್ತೆಗಳಲ್ಲವೇ?" ಎಂದು ಶಿಷ್ಯ ಕೇಳಿದ.

"ಕತ್ತೆ ಮೂಸಿ ನೋಡಿಯಾದರೂ ಕುಡಿಯುತ್ತದೆ. ಅದನ್ನು ಬೈಯಬೇಡ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ತಾಯಿ, ಅವಳಿಗೊಬ್ಬಳು ಮಗಳು. ಊರಿಗೆಲ್ಲ ಒಂದೇ ಬಾವಿ. ನೀರು ತಿಳಿ, ರುಚಿಯೂ ಹೌದು. ವರ್ಷಗಟ್ಟಲೆ ಅದನ್ನೇ ಕುಡಿದ ತಾಯಿಯ ಅಂಗೈಯಲ್ಲಿ ಜೋಳದ ಕಾಳಿನಂಥ ಗಂಟುಗಳೆದ್ದವು. ಎದೆಯ ಮೇಲೆ, ಧೂಳಿಗೆ ಮಳೆಹನಿ ಬಿದ್ದಂತೆ ಚುಕ್ಕೆಗಳು. ಅಂಟುರೋಗ ಎಂದರು ಊರವರು. ತಾಯಿ ನಂಬಿದಳು. ಅಂದಿನಿಂದ ಮಗಳನ್ನು ಮುಟ್ಟಲಿಲ್ಲ. ತಲೆ ಬಾಚಲು ನೆರೆಯವಳನ್ನು ಕರೆದಳು. ಮದುವೆಯಲ್ಲಿ ಮಡಿಲು ತುಂಬುವಾಗಲೂ ಅಕ್ಕಿಯನ್ನು ಮೊರದಿಂದಲೇ ಸುರಿದಳು.

"ಇದೇನವ್ವಾ, ಮಗಳನ್ನ ಕಳಿಸ್ತಿದ್ದೀಯೋ, ಜೋಳ ತೂರ್ತಿದ್ದೀಯೋ?" ಎಂದು ಹೆಂಗಸರು ನಕ್ಕರು.

ಮಗಳೂ ನಕ್ಕಳು. ಆದರೆ ಗಂಡನ ಮನೆಯಲ್ಲಿ, ಅತ್ತೆ ತನ್ನ ಮಗಳ ಬೆನ್ನು ಸವರುವುದನ್ನು ಕಂಡಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದಳು.

ಅವಳು ಬಸುರಿಯಾದಳು. ಆ ಹೊತ್ತಿಗೆ ತವರಿನ ಬಾವಿಯನ್ನು ಪರೀಕ್ಷೆ ಮಾಡಿದವರು, ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವಿದೆ, ಕುದಿಸಿದರೂ ಹೋಗದು, ಬಸುರಿಯರಂತೂ ಕುಡಿಯಲೇಬಾರದು ಎಂದು ಸಾರಿದರು. ಸುದ್ದಿ ಕೇಳಿ ಮಗಳಿಗೆ ಭಯಕ್ಕಿಂತ ಹೆಚ್ಚು ಸಂತೋಷವಾಯಿತು. ರೋಗ ನೀರಿನಿಂದ ಬಂದದ್ದು, ಅವ್ವನ ಕೈಯಿಂದ ಅಂಟುವುದಲ್ಲ! "ನನಗೆ ಬೇರೆ ಬಯಕೆಯಿಲ್ಲ, ಅವ್ವ ಒಮ್ಮೆ ಬರಲಿ" ಎಂದು ಹೇಳಿಕಳಿಸಿದಳು.

ತಾಯಿ ಮೂರು ಹರದಾರಿ ನಡೆದು ಬಂದಳು. ತಲೆಯ ಮೇಲೆ ತವರಿನ ನೀರು ತುಂಬಿದ ಕೊಡ.

"ಅವ್ವಾ, ಪಾಷಾಣ ಇರೋದು ಬಾವಿಯೊಳಗಂತೆ. ನಿನ್ನ ಕೈಯಿಂದ ಏನೂ ಅಂಟಲ್ಲ. ಬಾ, ಒಂದ್ಸಲ ಬೆನ್ನು ಸವರು."

"ಹೋಗೇ ಹುಚ್ಚಿ! ನಿಮ್ಮಜ್ಜಿ ಕುಡಿದ ನೀರು ಅದು. ಸಕ್ಕರೆ ನಾಚಬೇಕು. ಕೆಟ್ಟಿರೋದು ನನ್ನ ಕೈ. ಅತ್ತ ಸರಿ, ಹೊಟ್ಟೇಲಿ ಕೂಸಿದೆ."

ತಾಯಿ ಕೊಡವನ್ನು ಹೊಸ್ತಿಲ ಮೇಲಿಟ್ಟು ಅಂಗಳಕ್ಕಿಳಿದಳು. ಅಲ್ಲಿಂದಲೇ ಮಗಳನ್ನು ಕಣ್ತುಂಬ ನೋಡಿದಳು. ಕರೆದರೂ ಒಳಗೆ ಬಾರದೆ ಹೊರಟುಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಗೊತ್ತಿತ್ತಲ್ಲ ಮಗಳಿಗೆ, ಹಾಗಾದರೆ ನೀರು ಚೆಲ್ಲಿದಳು" ಎಂದ ಶಿಷ್ಯ, ಗೆದ್ದವನಂತೆ.

"ಕೊಡವನ್ನು ತಬ್ಬಿಕೊಂಡು ಕುಡಿದಳು ಕಣಪ್ಪಾ, ಆ ಮನೆಯಲ್ಲಿ ಅವ್ವನ ಕೈ ತಾಗಿದ್ದು ಅದೊಂದಕ್ಕೇ."