ಸಂಗಯ್ಯನ ಕೋಣೆಯ ಗಂಟೆ

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿ ಎಲ್ಲರೂ ಅಜ್ಜಾರು ಎಂದು ಕರೆಯುವ ಸ್ವಾಮಿಗಳು, ಅವರ ಹತ್ತಿರ ಒಂದಿಷ್ಟು ಶಿಷ್ಯರು.

ಒಮ್ಮೆ ಮಠದ ಕಟ್ಟಿಗೆ ಕೋಣೆ ಸುಟ್ಟುಹೋಯಿತು. ಆಮೇಲೆ ಭಕ್ತರೊಬ್ಬರು ಬಂದು ಪ್ರತಿ ಕೋಣೆಯ ಸೂರಿಗೂ ಹೊಗೆ ಕಂಡರೆ ಕೂಗುವ ಬಿಳಿ ಡಬ್ಬಿ ಹಾಕಿಸಿದರು. ಮಠದವರು ಅದನ್ನು ಹೊಗೆಗಂಟೆ ಎಂದರು.

ಅಜ್ಜಾರು ಹಳೆಯ ಶಿಷ್ಯ ಗದಿಗೆಯ್ಯನನ್ನು ಕರೆದು ಒಂದು ಬಿದಿರುಕೋಲು ಕೊಟ್ಟರು.

"ಸೋಮವಾರಕ್ಕೊಮ್ಮೆ ಎಲ್ಲಾ ಗಂಟಿ ಒತ್ತಿ ನೋಡು. ಕೂಗಲಿಲ್ಲಂದ್ರ ಸೆಲ್ಲು ಬದಲಿಸು. ಮಠದಾಗ ಮಲಗಿದವರ ಜೀವಾ ನಿನ್ನ ಕೈಯಾಗ ಐತಿ."

ಅದೇ ದಿನ ಅಜ್ಜಾರು ಸಂಗಯ್ಯನಿಗೆ ಪುರಾಣ ಓದುವ ಕೆಲಸ ಕೊಟ್ಟರು. ಮೊನ್ನೆ ಮೊನ್ನೆ ಮಠಕ್ಕೆ ಬಂದವನು ದಿನಾ ಸಂಜೆ ಅಜ್ಜಾರ ಪಾದದ ಬಳಿ ಕೂತು ಓದಬೇಕು!

ಗದಿಗೆಯ್ಯನ ಹೊಟ್ಟೆ ಉರಿಯಿತು. ಅವನಿಗೆ ಪುರಾಣ, ನನಗೆ ಕೋಲು.

ಆದರೂ ಅವನೇನು ದಡ್ಡನಲ್ಲ. ಅಜ್ಜಾರ ಕೋಣೆಯ ಗಂಟೆಯನ್ನು ವಾರಕ್ಕೊಮ್ಮೆಯಲ್ಲ, ದಿನಾ ಒತ್ತಿದ. ಅದೂ ಸಂಗಯ್ಯ ಪುರಾಣ ಬಿಚ್ಚುವ ಹೊತ್ತಿಗೇ. ಗಂಟೆ ಕಿವಿ ಹರಿಯುವಂತೆ ಕೂಗುತ್ತಿತ್ತು. ಸಂಗಯ್ಯ ನಗುತ್ತಾ ಕಾಯುತ್ತಿದ್ದ. ಆ ನಗುವೇ ಗದಿಗೆಯ್ಯನಿಗೆ ಸೇರುತ್ತಿರಲಿಲ್ಲ.

ಉಳಿದ ಕೋಣೆಗಳನ್ನು ನೆನಪಾದಾಗ ನೋಡುತ್ತಿದ್ದ. ಸಂಗಯ್ಯನ ಕೋಣೆ ಮಾತ್ರ ಅವನಿಗೆ ನೆನಪೇ ಆಗುತ್ತಿರಲಿಲ್ಲ.

ದಿನಾ ಒತ್ತಿ ಒತ್ತಿ ಅಜ್ಜಾರ ಗಂಟೆಯ ಸೆಲ್ಲು ಸೋತಿತು. ಮಠದಲ್ಲಿ ಹೊಸ ಸೆಲ್ಲು ಇರಲಿಲ್ಲ. ಗದಿಗೆಯ್ಯ ಸೀದಾ ಸಂಗಯ್ಯನ ಕೋಣೆಗೆ ಹೋಗಿ ಅಲ್ಲಿಯ ಸೆಲ್ಲು ಕಿತ್ತು ತಂದು ಹಾಕಿದ. ಸಂತೆಗೆ ಹೋದಾಗ ಬೇರೆ ತಂದರಾಯಿತು ಅಂದುಕೊಂಡ. ಸಂತೆಗೆ ಹೋದ, ಬಂದ. ಸೆಲ್ಲು ತರಲಿಲ್ಲ.

ಒಂದು ರಾತ್ರಿ ಸಂಗಯ್ಯ ತನ್ನ ಕೋಣೆಯಲ್ಲಿ ದೀಪದ ಮುಂದೆ ಪುರಾಣ ನೋಡುತ್ತಾ ತೂಕಡಿಸಿದ. ಹೊದ್ದ ಶಾಲಿಗೆ ಬೆಂಕಿ ತಗುಲಿತು. ಕೈ ಸುಟ್ಟಾಗಲೇ ಅವನಿಗೆ ಎಚ್ಚರ. ಶಾಲು ಕಿತ್ತೆಸೆದು, ಕೊಡದ ನೀರು ಸುರಿದು ಬೆಂಕಿ ಆರಿಸಿದ.

ಅಜ್ಜಾರು ಓಡಿ ಬಂದರು. ಸಂಗಯ್ಯನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ತಣ್ಣೀರು ಹೊಯ್ದರು.

ಬಾಗಿಲಲ್ಲಿ ನಿಂತ ಗದಿಗೆಯ್ಯ ನೋಡಿದ. ಅಜ್ಜಾರು ತನ್ನ ಕೈಯನ್ನು ಎಂದೂ ಹಾಗೆ ಹಿಡಿದಿರಲಿಲ್ಲ. ಆ ಸುಟ್ಟ ಕೈ ತನ್ನದಾಗಬಾರದಿತ್ತೇ ಅನ್ನಿಸಿತು ಅವನಿಗೆ.

"ಗಂಟಿ ಕೂಗಲಿಲ್ಲೇನು?" ಅಜ್ಜಾರು ಕೇಳಿದರು.

"ಕೂಗಿರಬೇಕ್ರಿ ಅಜ್ಜಾರ," ಎಂದ ಸಂಗಯ್ಯ. "ಗದಿಗೆಯ್ಯಣ್ಣ ದಿನಾ ನೋಡತಾನಲ್ರಿ. ನನಗ ನಿದ್ದಿ ಜೋರಿತ್ತು."

ಗದಿಗೆಯ್ಯ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಅಜ್ಜಾರು ಎದ್ದರು. "ಗದಿಗೆಯ್ಯಾ, ನನ್ನ ಹಾಸಿಗಿ ತೊಗೊಂಡು ಬಾ."

ತನ್ನನ್ನೇ ಕರೆದರಲ್ಲ! ಗದಿಗೆಯ್ಯ ಓಡಿಹೋಗಿ ಹಾಸಿಗೆ ಹೊತ್ತು ತಂದ. "ಎಲ್ಲಿ ಹಾಸಲ್ರಿ?"

"ಇಲ್ಲೇ. ಸಂಗಯ್ಯ ನನ್ನ ಕೋಣ್ಯಾಗ ಮಲಗ್ಲಿ. ಇನ್ನ ಮ್ಯಾಲ ನಾ ಇಲ್ಲೇ ಮಲಗ್ತೀನಿ. ದೀಪ ಹಚ್ಚಿ ತಲಿ ಕಡೆ ಇಡು."

ಗದಿಗೆಯ್ಯನ ಕೈಯಿಂದ ಹಾಸಿಗೆ ಜಾರಿತು.

"ಇಲ್ಲಿ ಬ್ಯಾಡ್ರಿ ಅಜ್ಜಾರ."

"ಯಾಕ?"

"ಈ ಕೋಣಿ ಚಲೋ ಇಲ್ರಿ."

ಅಜ್ಜಾರು ತಾವೇ ಹಾಸಿಗೆ ಬಿಡಿಸಿದರು. ತಾವೇ ದೀಪ ಹಚ್ಚಿದರು. ಮಲಗಿ ಸೂರು ನೋಡಿದರು.

ಗದಿಗೆಯ್ಯ ಅವರ ಕಾಲು ಹಿಡಿದುಕೊಂಡ.

"ಗಂಟ್ಯಾಗ ಸೆಲ್ಲು ಇಲ್ರಿ ಅಜ್ಜಾರ. ನಾನ ತಗದೀನ್ರಿ. ನಿಮ್ಮ ಕೋಣಿಗೆ ಹಾಕೀನ್ರಿ. ಇಲ್ಲಿ ನೀವು ಹ್ಯಾಂಗ ಮಲಗ್ತೀರಿ? ನಿಮಗ ಏನಾರ ಆದ್ರ?"

ಅಜ್ಜಾರು ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿನ್ನೀ ತನಕ ಇಲ್ಲಿ ಯಾರು ಮಲಗ್ತಿದ್ರು ಅಂತ ತಿಳಕೊಂಡಿದ್ದಿ, ಗದಿಗೆಯ್ಯಾ?"