ಹಳೆಯ ಫ್ಯಾನು ಮತ್ತು ಬೆಳ್ಳಿಯ ಕತ್ತರಿ

ಯುರೋಪಿನ ಹಲವು ದೇಶಗಳು ಸೇರಿ ಕಟ್ಟಿಸಿದ ಸಂಶೋಧನಾ ಭವನದಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇತ್ತು. ನದಿಗಳ ಪ್ರವಾಹದ ಲೆಕ್ಕ, ರೋಗಗಳ ದಾಖಲೆ, ನಕ್ಷತ್ರಗಳ ಚಿತ್ರ, ಎಲ್ಲ ದೇಶಗಳ ವಿದ್ಯೆಯೂ ಅದರ ಹೊಟ್ಟೆಯಲ್ಲೇ. ಅದು ಕಾದು ಸುಟ್ಟುಹೋಗದಂತೆ ಹಗಲಿರುಳು ಗಾಳಿ ಬೀಸುತ್ತಿದ್ದದ್ದು ಒಂದು ಹಳೆಯ ಫ್ಯಾನು. ಈಚೆಗೆ ಅದರ ಬೇರಿಂಗ್ ಕಿರುಗುಟ್ಟತೊಡಗಿತ್ತು. ಇದೇ ಕೊನೆಯ ಸುತ್ತೇನೋ ಎಂದು ಸುತ್ತುಸುತ್ತಿಗೂ ಅದರ ಜೀವ ಬಾಯಿಗೆ ಬರುತ್ತಿತ್ತು.

ಒಂದು ದಿನ ಪಕ್ಕದ ಹೊಸ ಸಭಾಂಗಣದ ಉದ್ಘಾಟನೆಗೆಂದು ಬೆಳ್ಳಿಯ ಕತ್ತರಿ ತಟ್ಟೆಯಲ್ಲಿ ಕೂತು ಆ ದಾರಿಯಾಗಿ ಬಂತು. ಮಂತ್ರಿಗಳ ಕೈಯಲ್ಲೇ ಬೆಳೆದ ಕತ್ತರಿ ಅದು.

"ಸ್ವಾಮಿ, ಮೇಲಿನವರಿಗೆ ಒಂದು ಮಾತು ಹೇಳಿ. ನಾಲ್ಕು ಹನಿ ಎಣ್ಣೆ ಸಾಕು" ಎಂದು ಫ್ಯಾನು ಅಂಗಲಾಚಿತು.

"ಎಣ್ಣೆಗೆ ರಿಬ್ಬನ್ ಕಟ್ಟಲು ಬರುತ್ತದೆಯೇ?" ಎಂದಿತು ಕತ್ತರಿ. "ಅನುದಾನವೆಲ್ಲ ಹೊಸದಕ್ಕೆ. ನೀನು ಇನ್ನೂ ತಿರುಗುತ್ತಿದ್ದೀಯ, ಅಂದಮೇಲೆ ಕಡತದ ಪ್ರಕಾರ ಚೆನ್ನಾಗಿದ್ದೀಯ. ನಿಂತುಹೋದರೆ ಆಗ ಅರ್ಜಿ ಹಾಕು."

"ಅರ್ಜಿ ನಮೂನೆ ಎಲ್ಲಿದೆ, ಸ್ವಾಮಿ?"

"ಇನ್ನೆಲ್ಲಿರುತ್ತದೆ? ನಿನ್ನ ಹಿಂದಿರುವ ಕಂಪ್ಯೂಟರಿನಲ್ಲೇ."

"ನಾನು ನಿಂತರೆ ಅದು ಉಳಿಯುತ್ತದೆಯೇ?" ಎಂದು ಫ್ಯಾನು ಕೇಳುವಷ್ಟರಲ್ಲಿ ತಟ್ಟೆ ಮುಂದೆ ಹೋಗಿಬಿಟ್ಟಿತ್ತು. ಇನ್ನೊಂದೇ ಸುತ್ತು, ಇನ್ನೊಂದೇ ಸುತ್ತು ಎಂದು ಫ್ಯಾನು ಹಲ್ಲುಕಚ್ಚಿ ತಿರುಗಿತು.

ಆಚೆ ರಿಬ್ಬನ್ ಕತ್ತರಿಸಿದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅದು ಮುಗಿದಾಗ ಕಿರುಗುಟ್ಟುವ ಸದ್ದು ಎಲ್ಲಿಂದಲೂ ಕೇಳಿಸಲಿಲ್ಲ.